ಗುರುತನ್ನು ಓದುವ ವಿದ್ಯೆ

ನಮ್ಮ ಕಾಲವನ್ನು ವಿದ್ಯುನ್ಮಾನ ಯುಗವೆಂದು ಕರೆಯುವುದು ರೂಢಿಯಾಗಿದೆ. ಮನೆಯ ಎಲ್.ಇ.ಡಿ. ದೀಪ, ಹೊಲದ ಪಂಪ್‌ಸೆಟ್ಟಿನ ನಿಯಂತ್ರಣ ಪೆಟ್ಟಿಗೆ, ಆಸ್ಪತ್ರೆಯ ರಕ್ತದೊತ್ತಡ ಮಾಪಕ, ಕಿಸೆಯ ಮೊಬೈಲ್ ಫೋನು ಇವೆಲ್ಲವುಗಳ ಒಡಲಲ್ಲಿಯೂ ಒಂದೊಂದು ಸರ್ಕ್ಯೂಟ್ ಹಲಗೆಯಿದೆ. ಆ ಹಲಗೆಯ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಬಿಡಿಭಾಗಗಳಿವೆ. ಅವುಗಳ ಮೈಮೇಲೆ ತಯಾರಕರು ಬಣ್ಣದ ಪಟ್ಟೆಗಳನ್ನೋ ಅಂಕಿಗಳನ್ನೋ ಅಕ್ಷರಗಳನ್ನೋ ಮೂಡಿಸಿರುತ್ತಾರೆ. ಆ ಗುರುತುಗಳ ಆಧಾರದಿಂದ ಅಪರಿಚಿತವಾದ ಬಿಡಿಭಾಗವೊಂದು ಯಾವುದು, ಅದರ ಗುಣವೇನು, ಮೌಲ್ಯವೆಷ್ಟು ಎಂದು ನಿರ್ಣಯಿಸುವುದು ದುರಸ್ತಿಗಾರನ ದಿನನಿತ್ಯದ ಕೆಲಸ. ಈ ಕೆಲಸವು ವಿಜ್ಞಾನ ಶಿಕ್ಷಣದ ತಿರುಳಿಗೆ ಬಹು ಹತ್ತಿರವಾದ ಅಭ್ಯಾಸವೆಂಬುದು ನನ್ನ ಅಭಿಪ್ರಾಯ. ಆದುದರಿಂದ ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಅದಕ್ಕೊಂದು ಸ್ಥಾನ ದೊರೆಯಬೇಕೆಂಬ ವಿಚಾರವನ್ನು ಉಪಾಧ್ಯಾಯರ, ಹಿರಿಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದೆ ವಿನಯಪೂರ್ವಕವಾಗಿ ಮಂಡಿಸಲು ಬಯಸುತ್ತೇನೆ.

ಈ ವಿಷಯವನ್ನು ಈಗ ಎತ್ತಲು ಕಾರಣವುಂಟು. ಇಂಗಾಲದ ರೋಧಕಗಳ ಬಣ್ಣಸಂಕೇತವು ಬಹುಕಾಲದಿಂದ ಹನ್ನೆರಡನೆಯ ತರಗತಿಯ ಭೌತಶಾಸ್ತ್ರದ ಪಠ್ಯದಲ್ಲಿತ್ತು. ಪಠ್ಯಭಾರವನ್ನು ಇಳಿಸುವ ಸಲುವಾಗಿ 2022ರಲ್ಲಿ ಎನ್.ಸಿ.ಇ.ಆರ್.ಟಿ. ಕೈಗೊಂಡ ಪರಿಷ್ಕರಣೆಯಲ್ಲಿ ಆ ಭಾಗವನ್ನು ಕೈಬಿಡಲಾಯಿತು. ವಿದ್ಯಾರ್ಥಿಗಳು ಹತ್ತು ಬಣ್ಣಗಳ ಹೆಸರನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಉತ್ತರ ಬರೆದು, ಮರುದಿನ ಮರೆತುಬಿಡುವುದೇ ಹೆಚ್ಚಾಗಿತ್ತು. ಹಾಗೆ ಕಲಿತ ಪಾಠ ಹೋದುದಕ್ಕಾಗಿ ಕಣ್ಣೀರಿಡಬೇಕಾಗಿಲ್ಲ. ಆದರೆ ಆ ಪಾಠದೊಡನೆ, ವಸ್ತುವೊಂದನ್ನು ಕೈಯಲ್ಲಿ ಹಿಡಿದು ‘ಇದೇನು?’ ಎಂದು ಕೇಳುವ ಅವಕಾಶವೂ ಹೋಗುತ್ತಿದೆಯಲ್ಲ ಎಂಬುದು ಚಿಂತೆಯ ವಿಷಯ. ಇತ್ತ ಶಾಲೆಗಳಿಗೆ ಬರುತ್ತಿರುವ ಸಿದ್ಧ ಕಿಟ್ಟುಗಳಲ್ಲಿ ಪ್ರತಿಯೊಂದು ಬಿಡಿಭಾಗವೂ ಹೆಸರು ಬರೆದ ಪುಟ್ಟ ಚೀಲದಲ್ಲಿ ಕುಳಿತಿರುತ್ತದೆ. ಚಿತ್ರದಲ್ಲಿ ತೋರಿಸಿದ ತೂತಿಗೆ ಅದನ್ನು ಚುಚ್ಚಿದರೆ ದೀಪ ಹತ್ತುತ್ತದೆ. ಹೆಸರನ್ನು ಬೇರೆ ಯಾರೋ ಮೊದಲೇ ಹೇಳಿಬಿಟ್ಟಿರುವ ವಸ್ತುವಿನ ಮುಂದೆ ಮಗುವಿಗೆ ಕೇಳಲು ಪ್ರಶ್ನೆಯೇ ಉಳಿಯುವುದಿಲ್ಲ.

ಮೊದಲಿಗೆ ಗುರುತುಗಳ ಸ್ವಭಾವವನ್ನು ಅರಿಯಬೇಕು. ಬಿಡಿಭಾಗದ ಮೈ ಚಿಕ್ಕದು. ಅಕ್ಕಿಕಾಳಿನಷ್ಟು ಜಾಗದಲ್ಲಿ ಪೂರ್ಣ ವಿವರವನ್ನು ಬರೆಯಲಾಗದು. ಆದುದರಿಂದ ತಯಾರಕರು ಸಂಕ್ಷೇಪ ಸಂಕೇತಗಳನ್ನು ಬಳಸುತ್ತಾರೆ. ಸಂಕೇತಕ್ಕೆ ಅರ್ಥ ಬರುವುದು ಅದರ ಹಿಂದಿನ ಒಪ್ಪಂದ ಓದುವವನಿಗೆ ತಿಳಿದಿದ್ದಾಗ ಮಾತ್ರ. ಒಂದೇ ಅಕ್ಷರವು ಎರಡು ಒಪ್ಪಂದಗಳಲ್ಲಿ ಎರಡು ಅರ್ಥಗಳನ್ನು ಕೊಡುವುದುಂಟು. ‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಕೆಲವು ಉದಾಹರಣೆಗಳಿಂದ ಇದು ಸ್ಪಷ್ಟವಾಗುವುದು.

ಪಠ್ಯಪುಸ್ತಕವು ರೋಧಕವೆಂದೂ ಅಂಗಡಿಯವರು ರೆಸಿಸ್ಟರ್ ಎಂದೂ ಕರೆಯುವ ವಸ್ತುವನ್ನೇ ಮೊದಲು ತೆಗೆದುಕೊಳ್ಳೋಣ. ಕಪ್ಪಿಗೆ 0, ಕಂದು ಬಣ್ಣಕ್ಕೆ 1, ಕೆಂಪಿಗೆ 2, ಕಿತ್ತಳೆಗೆ 3, ಹಳದಿಗೆ 4, ಹಸಿರಿಗೆ 5, ನೀಲಿಗೆ 6, ನೇರಳೆಗೆ 7, ಬೂದಿಗೆ 8, ಬಿಳಿಗೆ 9 ಎಂಬುದು ಒಪ್ಪಂದ. ನಾಲ್ಕು ಪಟ್ಟೆಗಳಿದ್ದರೆ ಮೊದಲೆರಡು ಅಂಕಿಗಳು. ಮೂರನೆಯದು ಮುಂದೆ ಸೇರಿಸಬೇಕಾದ ಸೊನ್ನೆಗಳ ಎಣಿಕೆ. ನಾಲ್ಕನೆಯದು ಅನುಮತಿಸಿದ ಹೆಚ್ಚುಕಡಿಮೆಯ ಮಿತಿ. ಹಳದಿ, ನೇರಳೆ, ಕೆಂಪು, ಚಿನ್ನ ಎಂದರೆ 47ರ ಮುಂದೆ ಎರಡು ಸೊನ್ನೆ, ಅಂದರೆ 4,700 ಓಮ್. ಚಿನ್ನದ ಬಣ್ಣವು ಶೇಕಡ 5ರ ಮಿತಿಯನ್ನು ಸೂಚಿಸುತ್ತದೆ. ಬೆಳ್ಳಿಯ ಬಣ್ಣವಾದರೆ ಶೇಕಡ 10.

ಇಲ್ಲಿಯವರೆಗಿನದು ಕಂಠಪಾಠ. ವಿಚಾರ ಆರಂಭವಾಗುವುದು ಇಲ್ಲಿಂದ ಮುಂದೆ. ತಯಾರಕರು ಮನಬಂದ ಮೌಲ್ಯಗಳ ರೆಸಿಸ್ಟರುಗಳನ್ನು ಮಾಡುವುದಿಲ್ಲ. ಶೇಕಡ 10ರ ಶ್ರೇಣಿಯಲ್ಲಿ 10, 12, 15, 18, 22, 27, 33, 39, 47, 56, 68, 82 ಎಂಬ ಹನ್ನೆರಡು ಮೆಟ್ಟಿಲುಗಳಷ್ಟೇ ಇವೆ. 47ಕ್ಕೆ ಅದರ ಶೇಕಡ 10ನ್ನು ಸೇರಿಸಿದರೆ 51.7 ಆಗುತ್ತದೆ, 56ರಿಂದ ಅದರ ಶೇಕಡ 10ನ್ನು ಕಳೆದರೆ 50.4 ಆಗುತ್ತದೆ. ಹೀಗೆ ಒಂದು ಮೆಟ್ಟಿಲಿನ ಅಂಚು ಮುಂದಿನದರ ಅಂಚನ್ನು ಮುಟ್ಟುವುದರಿಂದ ನಡುವೆ ಬೇರೊಂದು ಮೌಲ್ಯದ ಅಗತ್ಯ ಬೀಳುವುದಿಲ್ಲ. ಈ ಕಾರಣವನ್ನು ತಿಳಿದ ಹುಡುಗನು ಬಿಸಿಗೆ ಬಣ್ಣಗೆಟ್ಟ ಪಟ್ಟೆಗಳನ್ನು ನೋಡಿ 23 ಎಂದು ಓದಿದೊಡನೆ ತಾನೇ ಅನುಮಾನಪಡುತ್ತಾನೆ. ಅಂತಹ ಮೆಟ್ಟಿಲು ಇಲ್ಲವಾದುದರಿಂದ ಅದು 22 ಇರಬೇಕು, ಇಲ್ಲವೆ 33 ಇರಬೇಕು. ಕೆಂಪು ಮತ್ತು ಕಿತ್ತಳೆಗಳಲ್ಲಿ ಒಂದನ್ನು ಕಣ್ಣು ತಪ್ಪಾಗಿ ಕಂಡಿದೆ ಎಂದು ತರ್ಕಿಸುತ್ತಾನೆ.

ಐದು ಪಟ್ಟೆಗಳ ರೆಸಿಸ್ಟರಿನಲ್ಲಿ ತೊಡಕು ಇನ್ನೂ ಹೆಚ್ಚು. ಕಂದು, ಕಪ್ಪು, ಕಪ್ಪು, ಕೆಂಪು, ಕಂದು ಎಂಬ ಐದು ಪಟ್ಟೆಗಳನ್ನು ಎಡದಿಂದ ಓದಿದರೆ 100ರ ಮುಂದೆ ಎರಡು ಸೊನ್ನೆ, ಶೇಕಡ 1ರ ಮಿತಿ. ಅಂದರೆ 10,000 ಓಮ್. ಅದನ್ನೇ ಬಲದಿಂದ ಓದಿದರೆ ಕಂದು, ಕೆಂಪು, ಕಪ್ಪು, ಕಪ್ಪು, ಕಂದು. 120ರ ಮುಂದೆ ಸೊನ್ನೆಯಿಲ್ಲ, ಶೇಕಡ 1ರ ಮಿತಿ. ಅಂದರೆ 120 ಓಮ್. ಎರಡು ಓದುಗಳೂ ನಿಯಮಬದ್ಧವೇ. ಕೊನೆಯ ಪಟ್ಟೆಯನ್ನು ಸ್ವಲ್ಪ ದೂರ ಬಿಡಿಸಿ ಹಾಕುವ ಪದ್ಧತಿಯಿದ್ದರೂ ಚಿಕ್ಕ ಮೈಮೇಲೆ ಆ ಅಂತರ ಎಷ್ಟೋ ಸಲ ಕಾಣದು. ಆಗ ಯಾವ ಪುಸ್ತಕವೂ ನೆರವಿಗೆ ಬಾರದು. ಮಲ್ಟಿಮೀಟರಿನ ಎರಡು ಮೊನೆಗಳನ್ನು ತಾಗಿಸಿದರೆ ಒಂದು ಕ್ಷಣದಲ್ಲಿ ತೀರ್ಪು ದೊರೆಯುತ್ತದೆ. ಇದೇ ಬಣ್ಣಸಂಕೇತವು ಕೆಲವು ಸಣ್ಣ ಇಂಡಕ್ಟರುಗಳ ಮೈಮೇಲೂ ಇರುವುದುಂಟು. ಅಲ್ಲಿ ಪಟ್ಟೆಗಳು ಹೇಳುವುದು ಓಮ್‌ಗಳನ್ನಲ್ಲ, ಮೈಕ್ರೋಹೆನ್ರಿಗಳನ್ನು. ಸಾವಿರ ಎಂದು ಓದಿದ ವಸ್ತು ಮೀಟರಿನಲ್ಲಿ ಕೆಲವೇ ಓಮ್ ತೋರಿಸಿದರೆ ಅದು ಕೆಟ್ಟ ರೆಸಿಸ್ಟರ್ ಎಂದು ಎಸೆಯುವ ಮೊದಲು ಅದು ರೆಸಿಸ್ಟರೇ ಹೌದೇ ಎಂದು ಕೇಳಿಕೊಳ್ಳಬೇಕು.

ಧಾರಕಗಳು, ಅಂದರೆ ಕೆಪಾಸಿಟರುಗಳ ವಿಷಯವೂ ಇಂತಹದೇ. ಸೆರಾಮಿಕ್ ಬಿಲ್ಲೆಯ ಮೇಲೆ ‘104ಕೆ’ ಎಂದಿದ್ದರೆ ಹೊಸಬನು ಅದನ್ನು 104 ಕಿಲೋ ಎಂದು ಓದುವ ಸಂಭವವಿದೆ. ವಾಸ್ತವವಾಗಿ ಅದು 10ರ ಮುಂದೆ ನಾಲ್ಕು ಸೊನ್ನೆ, ಅಂದರೆ 1,00,000 ಪಿಕೋಫ್ಯಾರಡ್, ಎಂದರೆ 0.1 ಮೈಕ್ರೋಫ್ಯಾರಡ್; ‘ಕೆ’ ಎಂಬುದು ಶೇಕಡ 10ರ ಮಿತಿ. ರೆಸಿಸ್ಟರಿನ ಮೌಲ್ಯದಲ್ಲಿ ಸಾವಿರವನ್ನು ಸೂಚಿಸುವ ಅಕ್ಷರವೇ ಇಲ್ಲಿ ನಿಖರತೆಯನ್ನು ಸೂಚಿಸುತ್ತದೆ.

ತಪ್ಪು ಓದಿನಿಂದ ಅಪಾಯವೇ ಸಂಭವಿಸುವ ಪ್ರಸಂಗಗಳೂ ಇವೆ. ವಿದ್ಯುತ್ ಸರಬರಾಜಿನ ಹಲಗೆಗಳಲ್ಲಿ, ಗೋಡೆಯ ವಿದ್ಯುತ್ ಒಳಬರುವ ಕಡೆಯಲ್ಲಿ, ಬಿಲ್ಲೆಯಾಕಾರದ ಎರಡು ವಸ್ತುಗಳನ್ನು ಹತ್ತಿರ ಹತ್ತಿರವೇ ಕಾಣಬಹುದು. ಒಂದರ ಮೇಲೆ ‘10ಡಿ471ಕೆ’ ಎಂದಿರುತ್ತದೆ. ಇನ್ನೊಂದರ ಮೇಲೆ ‘10ಡಿ-9’ ಎಂದಿರುತ್ತದೆ. ಮೊದಲನೆಯದು ವೇರಿಸ್ಟರ್, ಅಲ್ಲಿ 10 ಎಂಬುದು ಬಿಲ್ಲೆಯ ವ್ಯಾಸ, ಮಿಲಿಮೀಟರುಗಳಲ್ಲಿ, 471 ಎಂದರೆ 470 ವೋಲ್ಟ್. ಎರಡನೆಯದು ಥರ್ಮಿಸ್ಟರ್, ಅಲ್ಲಿ 10 ಎಂಬುದು ತಣ್ಣಗಿರುವಾಗಿನ ರೋಧ, ಓಮ್‌ಗಳಲ್ಲಿ, 9 ಎಂಬುದು ವ್ಯಾಸ. ವೇರಿಸ್ಟರನ್ನು ಎರಡು ತಂತಿಗಳ ನಡುವೆ ಅಡ್ಡಲಾಗಿ ಜೋಡಿಸುತ್ತಾರೆ. ವೋಲ್ಟೇಜ್ ಮಿತಿಮೀರಿ ಏರಿದಾಗ ಮಾತ್ರ ಅದು ಪ್ರವಾಹವನ್ನು ತನ್ನ ಮೂಲಕ ಹರಿಯಬಿಟ್ಟು ಉಳಿದ ಭಾಗಗಳನ್ನು ಕಾಪಾಡುತ್ತದೆ. ಥರ್ಮಿಸ್ಟರನ್ನು ತಂತಿಯ ದಾರಿಯಲ್ಲೇ ಜೋಡಿಸುತ್ತಾರೆ. ಸ್ವಿಚ್ ಹಾಕಿದ ಕ್ಷಣದ ರಭಸವನ್ನು ಅದು ತಡೆಯುತ್ತದೆ. ಎರಡೂ ‘10ಡಿ’ ತಾನೇ ಎಂದು ವೇರಿಸ್ಟರಿನ ಜಾಗಕ್ಕೆ ಥರ್ಮಿಸ್ಟರನ್ನು ಬೆಸೆದವನು 230 ವೋಲ್ಟಿನ ಎರಡು ತಂತಿಗಳನ್ನು ಕೇವಲ 10 ಓಮ್ ರೋಧದಿಂದ ಕೂಡಿಸಿದಂತಾಯಿತು. ಫ್ಯೂಸು ಸುಟ್ಟರೆ ಪುಣ್ಯ. ಇಲ್ಲವಾದರೆ ಬಿಲ್ಲೆ ಸಿಡಿಯುತ್ತದೆ.

ಧ್ರುವಗಳ ಗುರುತಿನಲ್ಲಿಯೂ ಇಂತಹ ವೈಪರೀತ್ಯವಿದೆ. ಅಲ್ಯುಮಿನಿಯಂ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಮೈಮೇಲಿನ ಉದ್ದ ಪಟ್ಟೆಯು ಋಣಧ್ರುವವನ್ನು ತೋರಿಸುತ್ತದೆ. ಹಲಗೆಯ ಮೇಲ್ಮೈಗೆ ಬೆಸೆಯುವ ಟಾಂಟಲಮ್ ಕೆಪಾಸಿಟರಿನ ಪಟ್ಟೆಯು ಧನಧ್ರುವವನ್ನು ತೋರಿಸುತ್ತದೆ. ಡಯೋಡಿನ ಪಟ್ಟೆಯಾದರೋ ಕ್ಯಾಥೋಡನ್ನು ತೋರಿಸುತ್ತದೆ. ಪಟ್ಟೆಯೊಂದೇ, ಮಾತು ಮೂರು. ಟಾಂಟಲಮ್ ಕೆಪಾಸಿಟರನ್ನು ತಿರುಗುಮುರುಗಾಗಿ ಜೋಡಿಸಿದರೆ ಅದು ಹೊತ್ತಿ ಉರಿಯುವ ಸಾಧ್ಯತೆಯುಂಟು.

ಟ್ರಾನ್ಸಿಸ್ಟರುಗಳ ನಾಮಕರಣದಲ್ಲಿ ಮೂರು ದೇಶಗಳ ಮೂರು ಪದ್ಧತಿಗಳು ಬಳಕೆಗೆ ಬಂದುವು. ಅಮೆರಿಕದ ಪದ್ಧತಿಯಲ್ಲಿ ‘1ಎನ್’ ಎಂದರೆ ಡಯೋಡು, ‘2ಎನ್’ ಎಂದರೆ ಸಾಮಾನ್ಯವಾಗಿ ಟ್ರಾನ್ಸಿಸ್ಟರು. ಮುಂದಿನ ಅಂಕಿ ನೋಂದಣಿಯ ಕ್ರಮಸಂಖ್ಯೆ ಮಾತ್ರ. ಯುರೋಪಿನಲ್ಲಿ 1966ರಲ್ಲಿ ಸ್ಥಾಪಿತವಾದ ಪ್ರೋ ಎಲೆಕ್ಟ್ರಾನ್ ಸಂಸ್ಥೆಯ ಪದ್ಧತಿಯಲ್ಲಿ ಅಕ್ಷರಗಳೇ ಗುಣವನ್ನು ಹೇಳುತ್ತವೆ. ಮೊದಲನೆಯ ಅಕ್ಷರ ‘ಎ’ ಆದರೆ ಜರ್ಮೇನಿಯಂ, ‘ಬಿ’ ಆದರೆ ಸಿಲಿಕಾನ್. ಎರಡನೆಯ ಅಕ್ಷರ ‘ಸಿ’ ಆದರೆ ಶ್ರವ್ಯ ಆವರ್ತನದ ಸಣ್ಣ ಟ್ರಾನ್ಸಿಸ್ಟರು, ‘ಡಿ’ ಆದರೆ ಅದೇ ಬಗೆಯ ಹೆಚ್ಚು ಶಕ್ತಿಯದು, ‘ಎಫ್’ ಆದರೆ ರೇಡಿಯೋ ಆವರ್ತನದ್ದು, ‘ವೈ’ ಆದರೆ ರೆಕ್ಟಿಫೈಯರ್ ಡಯೋಡು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡು 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮುದ್ರೆಯುಳ್ಳ ಟ್ರಾನ್ಸಿಸ್ಟರುಗಳಲ್ಲಿಯೂ ಈ ಯುರೋಪಿಯನ್ ಹೆಸರುಗಳೇ ಕಾಣುತ್ತಿದ್ದುವು. ಹಿಂದಿನ ದಿನಗಳಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಬಿಚ್ಚಿ ನೋಡಿದ ನಮ್ಮ ಹಿರಿಯ ವಿದ್ಯಾರ್ಥಿಗಳಿಗೆ ‘ಎ.ಸಿ. 128’, ‘ಬಿ.ಸಿ. 148’ ಮುಂತಾದ ಹೆಸರುಗಳು ಮರೆತಿರಲಾರವು.

ಜಪಾನಿನ ಪದ್ಧತಿಯಲ್ಲಿ ‘2ಎಸ್‌ಎ’, ‘2ಎಸ್‌ಬಿ’ ಎಂದರೆ ಪಿ.ಎನ್.ಪಿ. ಬಗೆ, ‘2ಎಸ್‌ಸಿ’, ‘2ಎಸ್‌ಡಿ’ ಎಂದರೆ ಎನ್.ಪಿ.ಎನ್. ಬಗೆ. ಆದರೆ ಮೈಮೇಲೆ ಬರೆಯುವಾಗ ‘2ಎಸ್’ ಎಂಬುದನ್ನು ಬಿಟ್ಟು ‘ಎ1015’, ‘ಸಿ1815’, ‘ಡಿ882’ ಎಂದಷ್ಟೇ ಬರೆಯುತ್ತಾರೆ. ಯುರೋಪಿನ ಪದ್ಧತಿಯನ್ನು ಮಾತ್ರ ಬಲ್ಲವನು ‘ಎ1015’ ಎಂಬುದನ್ನು ನೋಡಿ ‘ಎ’ ಎಂದರೆ ಜರ್ಮೇನಿಯಂ ಎಂದುಕೊಳ್ಳಬಹುದು. ಅದು ಶುದ್ಧ ಸಿಲಿಕಾನ್ ಟ್ರಾನ್ಸಿಸ್ಟರು. ಈ ಸಂದೇಹವನ್ನು ಮೀಟರಿನ ಡಯೋಡ್ ಪರೀಕ್ಷೆ ಬಗೆಹರಿಸುತ್ತದೆ. ಜರ್ಮೇನಿಯಂ ಸಂಧಿಯಲ್ಲಿ 0.2ರಿಂದ 0.3 ವೋಲ್ಟಿನಷ್ಟು, ಸಿಲಿಕಾನ್ ಸಂಧಿಯಲ್ಲಿ 0.6ರಿಂದ 0.7 ವೋಲ್ಟಿನಷ್ಟು ಇಳಿತ ಕಾಣುತ್ತದೆ. ಒಂದು ಕಾಲಿನಿಂದ ಉಳಿದೆರಡು ಕಾಲುಗಳಿಗೂ ಒಂದೇ ದಿಕ್ಕಿನಲ್ಲಿ ಪ್ರವಾಹ ಹರಿದರೆ ಆ ಕಾಲೇ ಬೇಸ್. ಕೆಂಪು ಮೊನೆ ಬೇಸಿನಲ್ಲಿದ್ದಾಗ ಹರಿದರೆ ಎನ್.ಪಿ.ಎನ್., ಕಪ್ಪು ಮೊನೆ ಬೇಸಿನಲ್ಲಿದ್ದಾಗ ಹರಿದರೆ ಪಿ.ಎನ್.ಪಿ. ಇಂದಿನ ಡಿಜಿಟಲ್ ಮೀಟರುಗಳಿಗೆ ಈ ನಿಯಮ ಸಲ್ಲುತ್ತದೆ. ಹೆಸರು ಅಳಿಸಿಹೋದ ಟ್ರಾನ್ಸಿಸ್ಟರಿನ ಬಗೆಯನ್ನೂ ಹೀಗೆ ಕಂಡುಹಿಡಿಯಬಹುದು.

ಹೆಸರು ಸರಿಯಾಗಿ ಓದಿದರೂ ಕೆಲಸ ಮುಗಿಯುವುದಿಲ್ಲ. ಬಿ.ಸಿ. 547, 2ಎನ್ 3904, ಸಿ1815 ಈ ಮೂರೂ ಒಂದೇ ಅಚ್ಚಿನ ಕಪ್ಪು ಮೈಯುಳ್ಳ, ಮೂರು ಕಾಲಿನ ಎನ್.ಪಿ.ಎನ್. ಟ್ರಾನ್ಸಿಸ್ಟರುಗಳು. ಚಪ್ಪಟೆ ಮುಖವನ್ನು ನಮ್ಮ ಕಡೆಗೂ ಕಾಲುಗಳನ್ನು ಕೆಳಕ್ಕೂ ಹಿಡಿದು ಎಡದಿಂದ ನೋಡಿದರೆ ಮೊದಲನೆಯದರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಎರಡನೆಯದರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಮೂರನೆಯದರಲ್ಲಿ ಎಮಿಟರ್, ಕಲೆಕ್ಟರ್, ಬೇಸ್. ಹೊರನೋಟ ಒಂದೇ ಇದ್ದ ಮಾತ್ರಕ್ಕೆ ಒಳಗು ಒಂದೇ ಆಗಿರಬೇಕಾಗಿಲ್ಲ. ಇದನ್ನು ತಿಳಿಸುವುದು ತಯಾರಕರ ವಿವರಪತ್ರ, ಅಂದರೆ ಡೇಟಾಶೀಟ್; ಅದನ್ನು ಓದುವುದೂ ಈ ವಿದ್ಯೆಯ ಒಂದು ಅಂಗ.

ಸಂಯೋಜಿತ ಮಂಡಲಗಳೆನಿಸಿದ ಐ.ಸಿ.ಗಳ ಮೈಮೇಲೆ ಹೆಸರಿನ ಜೊತೆಗೆ ತಯಾರಿಕೆಯ ಕಾಲವನ್ನೂ ನಾಲ್ಕು ಅಂಕಿಗಳಲ್ಲಿ ಬರೆಯುವ ಪದ್ಧತಿಯಿದೆ. ಮೊದಲೆರಡು ವರ್ಷ, ಕೊನೆಯೆರಡು ವಾರ. ‘7805’ ಎಂಬುದು 5 ವೋಲ್ಟಿನ ಪ್ರಸಿದ್ಧ ರೆಗ್ಯುಲೇಟರಿನ ಹೆಸರು. 1978ರ ಐದನೆಯ ವಾರದಲ್ಲಿ ತಯಾರಾದ ಬೇರಾವುದೋ ಐ.ಸಿ.ಯ ಕಾಲಸೂಚಿಯೂ ಅದೇ ಆಗಬಹುದು. ‘7432’ ಎಂಬುದು ನಾಲ್ಕು ‘ಆರ್’ ದ್ವಾರಗಳ ಐ.ಸಿ.ಯೂ ಹೌದು, 1974ರ ಮೂವತ್ತೆರಡನೆಯ ವಾರವೂ ಹೌದು. ‘7490’ ಮಾತ್ರ ಎಂದಿಗೂ ಕಾಲಸೂಚಿಯಾಗಲಾರದು. ವರ್ಷಕ್ಕೆ ತೊಂಬತ್ತು ವಾರಗಳಿಲ್ಲ. ಒಂಬತ್ತನೆಯ ತರಗತಿಯ ಮಗುವೂ ಮಾಡಬಹುದಾದ ಇಂತಹ ಚಿಕ್ಕ ತರ್ಕದಲ್ಲಿ ಒಂದು ಪುಟದ ಉಪದೇಶಕ್ಕಿಂತ ಹೆಚ್ಚಿನ ಶಿಕ್ಷಣವಿದೆ.

ಇಷ್ಟು ಹೊತ್ತು ಪ್ರಾಮಾಣಿಕ ಗುರುತುಗಳ ಮಾತಾಯಿತು. ಗುರುತೇ ಸುಳ್ಳಾಗಿರುವ ಸಂದರ್ಭಗಳೂ ಇವೆ. ಹಳೆಯ ಹಲಗೆಗಳಿಂದ ಕಿತ್ತ ಐ.ಸಿ.ಗಳ ಮೇಲ್ಮೈಯನ್ನು ಉಜ್ಜಿ, ಕಪ್ಪು ಲೇಪ ಹಚ್ಚಿ, ಬೆಲೆಬಾಳುವ ಬೇರೊಂದು ಹೆಸರನ್ನು ಮುದ್ರಿಸಿ ಮಾರುವ ದಂಧೆ ಜಗತ್ತಿನಾದ್ಯಂತ ನಡೆದಿದೆ. ಅಮೆರಿಕದ ಸೆನೆಟ್ಟಿನ ಸಶಸ್ತ್ರಪಡೆಗಳ ಸಮಿತಿಯು 2012ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯು, 2009 ಮತ್ತು 2010ರಲ್ಲಿ ಆ ದೇಶದ ರಕ್ಷಣಾ ಸಾಮಗ್ರಿಗಳ ಸರಬರಾಜಿನಲ್ಲಿ ನಕಲಿಯೆಂದು ಸಂದೇಹಿಸಲಾದ ಸುಮಾರು 1,800 ಪ್ರಕರಣಗಳನ್ನು ಗುರುತಿಸಿತು. ಅವುಗಳಲ್ಲಿ ಸೇರಿದ್ದ ಬಿಡಿಭಾಗಗಳ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಯುದ್ಧವಿಮಾನಗಳ ಸಾಮಗ್ರಿಯಲ್ಲಿಯೇ ಹೀಗಾದರೆ ಸಾಮಾನ್ಯ ಪೇಟೆಯ ಮಾತೇನು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಒಂದೇ ಸರಕಿನ ಐ.ಸಿ.ಗಳ ಬೆನ್ನು ಬೇರೆ ಬೇರೆಯಾಗಿದ್ದರೆ, ಒಂದನೆಯ ಕಾಲನ್ನು ಸೂಚಿಸುವ ಗುಳಿ ಅರ್ಧ ಮುಚ್ಚಿದ್ದರೆ, ಆ ಐ.ಸಿ. ಪೇಟೆಗೆ ಬಂದುದಕ್ಕಿಂತ ಹಿಂದಿನ ಕಾಲಸೂಚಿ ಅದರ ಮೇಲಿದ್ದರೆ ಎಚ್ಚರಗೊಳ್ಳಬೇಕು.

ಇವೆಲ್ಲದರಿಂದ ಒಂದು ಕ್ರಮವು ಹೊರಡುತ್ತದೆ. ಮೊದಲು ವಸ್ತುವಿನ ಆಕಾರವನ್ನೂ ಕಾಲುಗಳ ಸಂಖ್ಯೆಯನ್ನೂ ನೋಡುವುದು. ಎರಡನೆಯದಾಗಿ, ಅದು ಹಲಗೆಯಲ್ಲಿ ಎಲ್ಲಿ ಕುಳಿತಿದೆ, ಅದರ ಕಾಲುಗಳಿಂದ ದಾರಿಗಳು ಎಲ್ಲಿಗೆ ಹೋಗುತ್ತವೆ, ಪಕ್ಕದಲ್ಲಿ ಹಲಗೆಯ ಮೇಲೆ ಯಾವ ಅಕ್ಷರ ಮುದ್ರಿತವಾಗಿದೆ ಎಂದು ಗಮನಿಸುವುದು; ‘ಆರ್’ ಎಂದಿದ್ದರೆ ರೆಸಿಸ್ಟರ್, ‘ಸಿ’ ಎಂದಿದ್ದರೆ ಕೆಪಾಸಿಟರ್, ‘ಎಲ್’ ಎಂದಿದ್ದರೆ ಇಂಡಕ್ಟರ್, ‘ಡಿ’ ಎಂದಿದ್ದರೆ ಡಯೋಡ್, ‘ಕ್ಯೂ’ ಎಂದಿದ್ದರೆ ಟ್ರಾನ್ಸಿಸ್ಟರ್ ಎಂಬುದು ಸಾಮಾನ್ಯ ರೂಢಿ. ಮೂರನೆಯದಾಗಿ ಗುರುತನ್ನು ಓದಿ, ಅದಕ್ಕೆ ಸಾಧ್ಯವಿರುವ ಎಲ್ಲ ಅರ್ಥಗಳನ್ನೂ ಬರೆದುಕೊಳ್ಳುವುದು. ನಾಲ್ಕನೆಯದಾಗಿ ವಿವರಪತ್ರವನ್ನು ನೋಡಿ, ಅಳೆದು, ಯಾವ ಅರ್ಥ ನಿಲ್ಲುತ್ತದೆಂದು ನಿರ್ಣಯಿಸುವುದು. ಗುರುತು ಹೇಳಿದುದು, ಸ್ಥಾನ ಸೂಚಿಸಿದುದು, ಅಳತೆ ತೋರಿಸಿದುದು ಈ ಮೂರೂ ಒಮ್ಮತಕ್ಕೆ ಬಂದಾಗ ಮಾತ್ರ ವಸ್ತುವಿಗೆ ಹೆಸರಿಡಬೇಕು. ಒಮ್ಮತಕ್ಕೆ ಬಾರದಿದ್ದರೆ ‘ನಿರ್ಣಯವಾಗಿಲ್ಲ’ ಎಂದು ಬರೆಯುವುದು ಸರಿಯಾದ ಉತ್ತರ. ನಮ್ಮ ಪರೀಕ್ಷೆಗಳಲ್ಲಿ ಆ ಉತ್ತರಕ್ಕೆ ಅಂಕವಿಲ್ಲ. ಜೀವನದಲ್ಲಿ ಅದರ ಬೆಲೆ ಬಹಳ.

ಇದಕ್ಕೆ ಎದುರಾಗಬಹುದಾದ ಆಕ್ಷೇಪಣೆಗಳನ್ನು ನಾನು ಬಲ್ಲೆ. ಮೊಬೈಲಿನಲ್ಲಿ ಚಿತ್ರ ತೆಗೆದರೆ ಹೆಸರು ತಾನೇ ಬರುತ್ತದೆ, ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಉತ್ತರ ಸಿಗುತ್ತದೆ, ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಆ ಸಾಧನಗಳು ಉಪಯುಕ್ತವೇ. ಬಳಸಬಾರದೆಂದು ನಾನು ಹೇಳಲಾರೆ. ಆದರೆ ಅವು ಓದುವುದೂ ಅದೇ ಅಕ್ಷರಗಳನ್ನೇ. ಮೂರು ಮಿಲಿಮೀಟರ್ ಉದ್ದದ ಮೂರು ಕಾಲಿನ ಪುಟ್ಟ ಬಿಡಿಭಾಗಗಳ ಮೇಲೆ ಎರಡು ಮೂರು ಅಕ್ಷರಗಳ ಸಂಕೇತ ಮಾತ್ರ ಇರುತ್ತದೆ. ಒಂದೇ ಸಂಕೇತವನ್ನು ಬೇರೆ ಬೇರೆ ತಯಾರಕರು ಬೇರೆ ಬೇರೆ ವಸ್ತುಗಳಿಗೆ ಬಳಸಿರುವುದುಂಟು. ಅವುಗಳಲ್ಲಿ ಯಾವುದು ಈಗ ಮೇಜಿನ ಮೇಲಿದೆ ಎಂಬುದನ್ನು ಚಿತ್ರ ಹೇಳಲಾರದು. ಮೀಟರು ಹಿಡಿದ ಕೈ ಹೇಳಬೇಕು.

ಇಂದು ಕೆಟ್ಟ ಯಂತ್ರವನ್ನು ಎಸೆದು ಹೊಸದನ್ನು ಕೊಳ್ಳುವ ಕಾಲ, ದುರಸ್ತಿಯ ಮಾತೇಕೆ ಎಂಬುದು ಎರಡನೆಯ ಆಕ್ಷೇಪಣೆ. ನಮ್ಮ ಮಕ್ಕಳ ಮನೆಗಳ ಸ್ಥಿತಿಯನ್ನು ಬಲ್ಲವರು ಈ ಮಾತನ್ನು ಆಡಲಾರರು. ಪಂಪ್‌ಸೆಟ್ಟಿನ ಹಲಗೆ ಕೆಟ್ಟು ಬೆಳೆಗೆ ನೀರಿಲ್ಲದಾದಾಗ ಹತ್ತು ರೂಪಾಯಿಯ ಬಿಡಿಭಾಗಕ್ಕೂ ಸಾವಿರಾರು ರೂಪಾಯಿಯ ಹೊಸ ಹಲಗೆಗೂ ಇರುವ ವ್ಯತ್ಯಾಸ ರೈತನಿಗೆ ಚೆನ್ನಾಗಿ ಗೊತ್ತು. ಅಲ್ಲದೆ ಈ ವಿದ್ಯೆ ಬಲ್ಲ ಹುಡುಗ ಅಥವಾ ಹುಡುಗಿಗೆ ಐ.ಟಿ.ಐ., ಡಿಪ್ಲೊಮಾ ತರಗತಿಗಳಲ್ಲಿಯೂ ಮುಂದಿನ ಉದ್ಯೋಗದಲ್ಲಿಯೂ ಅದು ಆಸರೆಯಾಗುವುದು.

ಮೂರನೆಯದು ಅಪಾಯದ ಭಯ. ಇದು ನ್ಯಾಯವಾದುದು, ಇದಕ್ಕೆ ಉತ್ತರ ಶಿಸ್ತು. ಪ್ರಯೋಗಾಲಯದ ಹಲಗೆಗಳನ್ನು ಗೋಡೆಯ ವಿದ್ಯುತ್ತಿಗೆ ಜೋಡಿಸತಕ್ಕದ್ದಲ್ಲ. ಎಲ್ಲ ಪ್ರಯೋಗಗಳೂ ಬ್ಯಾಟರಿಯಲ್ಲಿಯೇ ನಡೆಯಬೇಕು. 230 ವೋಲ್ಟಿನ ಪರ್ಯಾಯ ವಿದ್ಯುತ್ತಿನ ಶಿಖರ ಮೌಲ್ಯ ಸುಮಾರು 325 ವೋಲ್ಟ್. ವಿದ್ಯುತ್ ಸರಬರಾಜಿನ ದೊಡ್ಡ ಕೆಪಾಸಿಟರು ಪ್ಲಗ್ ಕಿತ್ತ ಮೇಲೆಯೂ ಸ್ವಲ್ಪ ಕಾಲ ಅಷ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ಉಪಾಧ್ಯಾಯರು ಬರಿದುಮಾಡಿ ಅಳೆದು ನೋಡಿದ ಮೇಲೆಯೇ ಹಲಗೆ ಮಕ್ಕಳ ಕೈಸೇರಬೇಕು. ಮೈಕ್ರೋವೇವ್ ಒಲೆ, ಹಳೆಯ ಕೊಳವೆ ಟಿ.ವಿ. ಇವುಗಳನ್ನು ಶಾಲೆಯಲ್ಲಿ ಬಿಚ್ಚಲೇಬಾರದು.

ಹಾಗಾದರೆ ಶಾಲೆಯು ಮಾಡಬೇಕಾದುದೇನು? ಮೊದಲನೆಯದಾಗಿ, ಕೆಟ್ಟ ರೇಡಿಯೋ, ಚಾರ್ಜರು, ಆಟಿಕೆಗಳಿಂದ ಬಿಡಿಸಿದ ಬಿಡಿಭಾಗಗಳ ಒಂದು ಪೆಟ್ಟಿಗೆಯನ್ನು ಹೆಸರು ಬರೆಯದೆ ಪ್ರಯೋಗಾಲಯದಲ್ಲಿ ಇಡಬೇಕು. ಎಂಟರಿಂದ ಹತ್ತನೆಯ ತರಗತಿಯ ಮಕ್ಕಳು ವಾರಕ್ಕೊಂದು ಅವಧಿಯಲ್ಲಿ, ಇಬ್ಬಿಬ್ಬರಾಗಿ, ಒಂದೊಂದನ್ನು ಎತ್ತಿಕೊಂಡು ನಿರ್ಣಯಿಸಿ ಬರೆದಿಡಬೇಕು. ಎರಡನೆಯದಾಗಿ, ಪ್ರತಿ ಜೋಡಿಗೂ ಒಂದು ಮಲ್ಟಿಮೀಟರ್ ಮತ್ತು ಒಂದು ಭೂತಗನ್ನಡಿ ಇರಬೇಕು. ಸಾಧಾರಣ ಡಿಜಿಟಲ್ ಮೀಟರು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಮೂರನೆಯದಾಗಿ, ನಮ್ಮ ಹಿರಿಯ ವಿದ್ಯಾರ್ಥಿಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಹಳೆಯ ಟ್ರಾನ್ಸಿಸ್ಟರ್ ಕೈಪಿಡಿಗಳು, ಐ.ಸಿ. ವಿವರ ಪುಸ್ತಕಗಳು ಧೂಳು ತಿನ್ನುತ್ತಿದ್ದರೆ ಅವು ಶಾಲೆಯ ಗ್ರಂಥಾಲಯಕ್ಕೆ ಬರಲಿ. ನಾಲ್ಕನೆಯದಾಗಿ, ಕಾರ್ಖಾನೆಗಳಲ್ಲಿ, ದುರಸ್ತಿ ಅಂಗಡಿಗಳಲ್ಲಿ ಕೈ ಪಳಗಿದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಬಂದು ಮಕ್ಕಳೊಡನೆ ಕುಳಿತುಕೊಳ್ಳಲಿ. ಉಳಿದ ಕಸವನ್ನು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಿಗನುಸಾರವಾಗಿ, ನೋಂದಾಯಿತ ಸಂಸ್ಕರಣಕಾರರಿಗೆ ಒಪ್ಪಿಸಬೇಕು, ಬಯಲಲ್ಲಿ ಸುಡತಕ್ಕದ್ದಲ್ಲ.

ದಾನಿಗಳಲ್ಲಿ ನನ್ನದೊಂದು ಪ್ರಾರ್ಥನೆ. ಕಟ್ಟಡಕ್ಕೆ ಕೊಟ್ಟ ದಾನ ದೂರದಿಂದಲೇ ಕಣ್ಣಿಗೆ ಕಾಣುತ್ತದೆ. ಮೀಟರಿಗೆ, ಬೆಸುಗೆ ತಂತಿಗೆ, ಭೂತಗನ್ನಡಿಗೆ ಕೊಟ್ಟದ್ದು ಕಾಣುವುದಿಲ್ಲ. ಗಾಜಿನ ಕಪಾಟಿನಲ್ಲಿ ಬೀಗ ಹಾಕಿಡುವ ದುಬಾರಿ ಯಂತ್ರವೊಂದರ ಬದಲು, ಮಕ್ಕಳ ಕೈಯಲ್ಲಿ ಸವೆಯುವ ಇಪ್ಪತ್ತು ಮೀಟರುಗಳನ್ನು ಕೊಡುವುದು ಹೆಚ್ಚಿನ ಉಪಕಾರವೆಂದು ನಾನು ನಂಬಿದ್ದೇನೆ. ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ಬಿನ್ನಹ: ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ವಸ್ತುವಿನ ಹೆಸರೂ ನಮಗೆ ಮೊದಲೇ ತಿಳಿದಿರಬೇಕೆಂಬ ಸಂಕೋಚ ಬೇಡ. ಮಕ್ಕಳೊಡನೆ ಕೂಡಿಯೇ ಹುಡುಕೋಣ.

ಹೆಸರನ್ನು ನೋಡಿದೊಡನೆ ನಂಬುವುದೂ ಸುಲಭ, ಯಾವುದನ್ನೂ ನಂಬೆನೆಂದು ಕೈಕಟ್ಟಿ ಕೂರುವುದೂ ಸುಲಭ. ಇವೆರಡರ ನಡುವೆ, ಓದಿ, ವಿಚಾರಿಸಿ, ಅಳೆದು ಒಪ್ಪುವ ಕಷ್ಟದ ದಾರಿಯೊಂದಿದೆ. ಔಷಧದ ಸೀಸೆಯ ಚೀಟಿ, ಬಿತ್ತನೆ ಬೀಜದ ಚೀಲದ ಮುದ್ರೆ, ಪತ್ರಿಕೆಯ ಸುದ್ದಿ, ಮೊಬೈಲಿಗೆ ಬರುವ ಸಂದೇಶ ಎಲ್ಲಕ್ಕೂ ಆ ದಾರಿಯೇ ಬೇಕು. ಒಂದು ಪುಟ್ಟ ಬಿಡಿಭಾಗವನ್ನು ಮುಂದಿಟ್ಟುಕೊಂಡು ನಮ್ಮ ಮಕ್ಕಳು ಅದನ್ನು ಕಲಿಯುವಂತಾದರೆ ಅದಕ್ಕಿಂತ ಅಗ್ಗದ ಪಾಠಶಾಲೆ ಬೇರೊಂದಿಲ್ಲ. ಬರುವ ಶೈಕ್ಷಣಿಕ ವರ್ಷದಲ್ಲಿಯೇ ಈ ಕೆಲಸ ಆರಂಭವಾಗಲೆಂದು ಹಾರೈಸುತ್ತೇನೆ.